ಗಿರಾಕಿಗೆ ಕಾಣದ ಕಡೆ ಮೊದಲು ದುಡ್ಡು ಹಾಕು

ತಮ್ಮಾ,

ಕಾರಟಗಿಯಲ್ಲಿ ನಿನ್ನದೇ ಸ್ಟುಡಿಯೊ ತೆಗೆಯುತ್ತೀ ಅಂತ ಕೇಳಿ ಹೊಟ್ಟೆ ತಣ್ಣಗಾಯಿತು. ಮದುವೆ ಮಂಟಪದಲ್ಲಿ ನನ್ನ ಹಿಂದೆ ಲೈಟ್ ಹಿಡಿದು ನಿಲ್ಲುತ್ತಿದ್ದ ಹುಡುಗ ನೀನು. ಈಗ ನಿನ್ನ ಹೆಸರಿನ ಬೋರ್ಡ್ ಬರೆಸುತ್ತಿದ್ದೀ. ಮೊನ್ನೆ ನೀನು ಕೈಗಿಟ್ಟು ಹೋದ ಕಂಪ್ಯೂಟರ್ ಕೊಟೇಶನ್ ಎರಡು ಸಲ ಓದಿದೆ. ಮೇಲಿನ ಸಾಲಿನಲ್ಲಿ ಗಾಜಿನ ಕ್ಯಾಬಿನೆಟ್, ಬಣ್ಣ ಬದಲಿಸುವ ಐದು ಫ್ಯಾನ್, ಎಲ್ಲಕ್ಕಿಂತ ದುಬಾರಿಯ ಗ್ರಾಫಿಕ್ಸ್ ಕಾರ್ಡ್. ಕೆಳಗಿನ ಸಾಲಿನಲ್ಲಿ ಒಂದು ಸಾದಾ ಮಾನಿಟರ್, ಅದರ ಕೆಳಗೆ 600 ವಿಎ ಯುಪಿಎಸ್. ಬ್ಯಾಕಪ್ ಡಿಸ್ಕಿನ ಹೆಸರೇ ಇಲ್ಲ. ಆ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದು ಅಂತ ಹೇಳಲಿಕ್ಕೆ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಒಂದು ಬೇಸಿಗೆಯ ಮಧ್ಯಾಹ್ನ ವಯಸ್ಸಾದ ತಾಯಿಯೊಬ್ಬಳು ಅಂಗಡಿಗೆ ಬಂದಳು. ಕೈಯಲ್ಲಿ ಬಟ್ಟೆಯ ಚೀಲ, ಕಾಲಲ್ಲಿ ಗದ್ದೆಯ ಕೆಸರು ಇನ್ನೂ ಒಣಗಿರಲಿಲ್ಲ. "ಯಪ್ಪಾ, ನಮ್ಮ ಹುಡುಗನ ಮದಿವ್ಯಾಗ ನಮ್ಮ ಯಜಮಾನ್ರು ಹಳದಿ ಪಟಗಾ ಸುತ್ತಿಗೊಂಡು ನಿಂತಿದ್ರಲ್ಲ, ಆ ಫೋಟೊ ಒಂದು ತೆಗೆದು ಕೊಡು. ಪೂಜಿಗೆ ಇಡಬೇಕು" ಅಂದಳು. ಆತ ತೀರಿಕೊಂಡು ಒಂಬತ್ತು ದಿನವಾಗಿತ್ತು. ಆ ಮದುವೆ ತೆಗೆದವನು ನಾನೇ. ಆಲ್ಬಮ್ಮಿನಲ್ಲಿ ಇದ್ದದ್ದು ಗುಂಪಿನ ಫೋಟೊ, ಮುಖ ಸಣ್ಣದು. ಒಬ್ಬರೇ ನಿಂತ ಫೋಟೊ ಡಿಸ್ಕಿನಲ್ಲಿತ್ತು. ಡಿಸ್ಕ್ ಚುಚ್ಚಿದೆ, ಟಕ್ ಟಕ್ ಅಂದಿತು, ತೆರೆಯಲಿಲ್ಲ. ಎರಡು ವರ್ಷದ ಮದುವೆಗಳನ್ನೆಲ್ಲ ಆ ಒಂದೇ ಡಿಸ್ಕಿಗೆ ಸುರಿದು ಬೀರುವಿನಲ್ಲಿ ಇಟ್ಟು ಮರೆತಿದ್ದೆ. ಆಕೆ ಬೆಂಚಿನ ಮೇಲೆ ಒಂದು ತಾಸು ಕಾದಳು. ಕೊನೆಗೆ "ಇಲ್ಲ ಅವ್ವಾ" ಅಂದೆ. "ಹೋಗ್ಲಿ ಬಿಡಪಾ, ನೀ ಏನ್ ಮಾಡ್ತಿ" ಅಂತ ಎದ್ದು ಹೋದಳು. ಬೈದಿದ್ದರೆ ಎಂದೋ ಮರೆಯುತ್ತಿದ್ದೆ. ಆ ಮಾತು ಇವತ್ತಿಗೂ ಒಳಗೆ ಚುಚ್ಚುತ್ತದೆ.

ನಾನು ಕಸುಬು ಕಲಿತದ್ದು ಡಾರ್ಕ್ ರೂಮಿನಲ್ಲಿ. ಕೆಂಪು ಬಲ್ಬಿನ ಕೆಳಗೆ ಡೆವಲಪರ್ ಟ್ರೇಯಲ್ಲಿ ಮುಖ ಮೂಡುವುದನ್ನು ಎಲ್ಲರೂ ಬೆರಗಿನಿಂದ ನೋಡುತ್ತಿದ್ದರು. ಅದಾದ ಮೇಲೆ ಹೈಪೊದಲ್ಲಿ ಅದ್ದಿ, ಹರಿಯುವ ನೀರಿನಲ್ಲಿ ಹೊತ್ತು ಹೊತ್ತು ತೊಳೆಯುವ ಕೆಲಸವಿತ್ತಲ್ಲ, ಅದನ್ನು ಯಾರೂ ನೋಡುತ್ತಿರಲಿಲ್ಲ. ತೊಳೆಯುವುದರಲ್ಲಿ ಕಳ್ಳತನ ಮಾಡಿದರೆ ಆ ದಿನ ಗೊತ್ತಾಗುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ ಉಳಿದ ಹೈಪೊ ಫೋಟೊವನ್ನು ಹಳದಿ ಮಾಡುತ್ತದೆ, ಮುಖ ಮಾಸುತ್ತದೆ. ನನ್ನ ಗುರುಗಳು ಗಡಿಯಾರ ನೋಡಿ ತೊಳೆಸುತ್ತಿದ್ದರು. ಯಂತ್ರ ಬದಲಾಯಿತು, ಆದರೆ ಗಿರಾಕಿಗೆ ಕಾಣದ ಆ ತೊಳೆಯುವ ಕೆಲಸ ಬದಲಾಗಿಲ್ಲ. ಅದರ ಹೆಸರು ಈಗ ಯುಪಿಎಸ್, ಬ್ಯಾಕಪ್, ಮಾನಿಟರ್ ಬಣ್ಣ ಹೊಂದಿಸುವುದು ಅಂತ ಆಗಿದೆ.

ಹೊಳೆಯಾಚೆಯ ಹಂಪಿಯನ್ನೇ ತಗೋ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಅಲ್ಲಿನ ಗುಡಿ ಗೋಪುರಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದ. ಆ ನೆಗೆಟಿವ್‌ಗಳು ಬರೀ ಕಾಗದ. ಆದರೂ ನೂರಿಪ್ಪತ್ತು ವರ್ಷಕ್ಕೂ ಮಿಗಿಲಾಗಿ ಉಳಿದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಫೋಟೊಗ್ರಾಫರ್ ಜಾನ್ ಗೋಲಿಂಗ್ಸ್ ಅವುಗಳ ಜಾಡು ಹಿಡಿದು, ಗ್ರೀನ್‌ಲಾ ಎಲ್ಲಿ ನಿಂತಿದ್ದನೋ ಅಲ್ಲೇ ನಿಂತು ಮತ್ತೆ ಹಂಪಿಯ ಚಿತ್ರ ತೆಗೆದರು. ಅಂದು ಯಾವ ಕಂಬ ನಿಂತಿತ್ತು, ಇಂದು ಯಾವುದು ಬಿದ್ದಿದೆ ಎಂದು ನಮಗೆ ತಿಳಿಯುವುದು ಯಾರೋ ಆ ಕಾಗದವನ್ನು ಜೋಪಾನ ಮಾಡಿದ್ದರಿಂದ. ನೂರಿಪ್ಪತ್ತು ವರ್ಷ ಬೇಡ, ನಿನ್ನ ಗಿರಾಕಿಯ ಫೋಟೊ ಇಪ್ಪತ್ತು ವರ್ಷ ಉಳಿಯಲಿ ಅಂತಾದರೂ ಯೋಚನೆ ಮಾಡು.

ಅದಕ್ಕೆ ನನ್ನ ಲೆಕ್ಕ ಹೀಗಿದೆ. ಮೊದಲು ಕಾಯುವುದಕ್ಕೆ ದುಡ್ಡು, ಆಮೇಲೆ ಕಾಣುವುದಕ್ಕೆ, ಆಮೇಲೆ ಓಡುವುದಕ್ಕೆ. ಹೊಳೆಯುವುದಕ್ಕೆ ಉಳಿದರೆ ಕೊಡು, ಇಲ್ಲದಿದ್ದರೆ ಇಲ್ಲ.

ಕಾಯುವುದು ಕರೆಂಟಿನಿಂದ ಶುರುವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಸೀಮೆಗೆ ಭತ್ತ ಬಂತು, ಭತ್ತದ ಹಿಂದೆ ರೈಸ್ ಮಿಲ್ ಬಂತು, ಮಿಲ್ಲಿನ ಹಿಂದೆ ದುಡ್ಡು, ದುಡ್ಡಿನ ಹಿಂದೆ ದೊಡ್ಡ ಮದುವೆ. ನಮಗೆ ಅನ್ನ ಹಾಕುವುದು ಆ ಮಿಲ್ಲೇ. ಆದರೆ ದೊಡ್ಡ ಮೋಟರ್ ಶುರುವಾದಾಗ ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮುಚ್ಚಿ ತೆಗೆಯುತ್ತದಲ್ಲ, ಆ ಹೊಡೆತ ನಿನ್ನ ಡಿಸ್ಕಿಗೂ ಬೀಳುತ್ತದೆ. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರು, ಮಾನಿಟರು ಎರಡೂ ಮೈತುಂಬ ಕೆಲಸ ಮಾಡುವಾಗ ಅದು ತಾಳುವುದಿಲ್ಲ. ಕರೆಂಟ್ ಹೋದ ಕೂಡಲೇ ಕೂಗಿ ಮಲಗುತ್ತದೆ. 1000 ವಿಎಗೆ ಕಡಿಮೆ ಇಲ್ಲದ್ದು, ವೋಲ್ಟೇಜ್ ಏರಿಳಿತ ತಾನೇ ಸರಿಪಡಿಸುವಂಥದ್ದು ತಗೋ. ಸಾಧ್ಯವಾದರೆ ಶುದ್ಧ ಸೈನ್ ವೇವ್ ಕೊಡುವಂಥದ್ದನ್ನೇ ಆರಿಸು. ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಒಳ್ಳೆಯ ಎಸ್‌ಎಂಪಿಎಸ್‌ಗಳು ಅದರ ಜೊತೆ ಚೆನ್ನಾಗಿ ಹೊಂದುತ್ತವೆ. ಮನೆಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಅನ್ನಬೇಡ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕಣ್ಣೆವೆಯ ಹೊತ್ತಿನಲ್ಲೇ ಕಂಪ್ಯೂಟರ್ ಬಂದ್ ಆಗಿ ಶುರುವಾಗುವುದುಂಟು. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಚುಚ್ಚಬೇಡ. ಅದು ಒಮ್ಮೆಲೇ ಎಳೆಯುವ ಕರೆಂಟಿಗೆ ಯುಪಿಎಸ್ ಕುಸಿಯುತ್ತದೆ.

ಅಂಗಡಿ ಬಾಡಿಗೆಗೆ ಹಿಡಿಯುವಾಗ ಅರ್ಥಿಂಗ್ ಇದೆಯೋ ಇಲ್ಲವೋ ಮೊದಲು ಕೇಳು. ಎಲೆಕ್ಟ್ರಿಶಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಮೀಟರ್ ಇಡಿಸು. ಎರಡು ಮೂರು ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವ ಅಂಗಡಿಯಲ್ಲಿ ಒಂದು ದಿನವೂ ಕೆಲಸ ಮಾಡಬೇಡ. ನಮ್ಮದು ಎರೆ ಭೂಮಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಅರ್ಥಿಂಗ್ ಗುಂಡಿಯ ತೇವ ಆರುತ್ತದೆ. ಮಾರ್ಚ್‌ನಿಂದ ಮಳೆ ಬೀಳುವ ತನಕ ವಾರಕ್ಕೆ ಎರಡು ಕೊಡ ನೀರು ಆ ಗುಂಡಿಗೆ ಹಾಕುವುದನ್ನು ರೂಢಿ ಮಾಡಿಕೋ.

ಧೂಳಿನದು ಇನ್ನೊಂದು ಕತೆ. ನಾಲ್ಕು ವರ್ಷ ತೆರೆಯದ ಒಂದು ಕ್ಯಾಬಿನೆಟನ್ನು ನಾನೇ ಬಿಚ್ಚಿದ್ದೇನೆ. ಪ್ರೊಸೆಸರ್ ಮೇಲಿನ ಫ್ಯಾನಿನ ಕೆಳಗೆ, ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ, ತೌಡಿನ ಪುಡಿಯೂ ಧೂಳೂ ಸೇರಿ ಕಂಬಳಿಯ ತುಂಡಿನಂತೆ ಕೂತಿತ್ತು. ಚಿಮುಟದಲ್ಲಿ ಎತ್ತಿದರೆ ಇಡಿಯಾಗಿ ಎದ್ದು ಬಂತು. ಮೂಸಿದರೆ ಮಿಲ್ಲಿನದೇ ವಾಸನೆ. ಗಾಳಿ ಹೋಗಲು ದಾರಿಯಿಲ್ಲದೆ ಆ ಯಂತ್ರ ಬೇಸಿಗೆ ಬಂತೆಂದರೆ ತಾನೇ ತಾನಾಗಿ ನಿಧಾನವಾಗುತ್ತಿತ್ತು. ಪಾಪ, ಅದರ ಮಾಲೀಕ ಪ್ರೊಸೆಸರ್ ಹಳೆಯದಾಯಿತು ಅಂತ ಹೊಸದು ಕೊಳ್ಳಲು ಹೊರಟಿದ್ದ. ನಮ್ಮ ಕಡೆ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವ ಬಿಸಿಲು, ಅದೇ ಹೊತ್ತಿಗೆ ಎರಡನೇ ಬೆಳೆಯ ಸುಗ್ಗಿ, ಅದೇ ಹೊತ್ತಿಗೆ ಮದುವೆ. ಮೂರೂ ಒಟ್ಟಿಗೆ. ಆದ್ದರಿಂದ ಗಾಜಿನ ಕ್ಯಾಬಿನೆಟ್ ಬಿಡು. ಮುಂದೆ ಜಾಲರಿ ಇರುವ, ತೆಗೆದು ತೊಳೆಯಬಹುದಾದ ಫಿಲ್ಟರ್ ಇರುವ ಸಾದಾ ಕ್ಯಾಬಿನೆಟ್ ತಗೋ. ನೆಲದಿಂದ ಒಂದು ಅಡಿ ಮೇಲೆ, ಬಾಗಿಲಿನಿಂದ ದೂರ ಇಡು. ತಿಂಗಳಿಗೊಮ್ಮೆ ಫಿಲ್ಟರ್ ತೊಳೆ, ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಒತ್ತಿ ಹಿಡಿದಿರು.

ಈಗ ಡಿಸ್ಕಿಗೆ ಬರೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 30 ಎಂಬಿ. ಅರಿಶಿನದಿಂದ ಅಕ್ಕಿಕಾಳು ಬೀಳುವ ತನಕ ಎರಡು ದಿನದ ಮದುವೆಯಲ್ಲಿ 3000 ಕ್ಲಿಕ್ ಆಯಿತು ಅಂದುಕೋ, 90 ಜಿಬಿ. ಜೊತೆಗೆ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ 4ಕೆ ವಿಡಿಯೊ ತೆಗೆದರೆ ಗಂಟೆಗೆ 45 ಜಿಬಿ, ಎರಡು ಗಂಟೆಗೆ ಇನ್ನೊಂದು 90. ವರ್ಷಕ್ಕೆ 30 ಮದುವೆ ಸಿಕ್ಕರೆ ಐದೂವರೆ ಟಿಬಿಯ ಹತ್ತಿರ. ಈ ಲೆಕ್ಕ ಮಾಡದೆ 1 ಟಿಬಿ ಡಿಸ್ಕ್ ಒಂದನ್ನು ತಂದರೆ ಯುಗಾದಿ ಕಳೆಯುವುದರೊಳಗೆ ಅದು ತುಂಬುತ್ತದೆ, ಆಮೇಲೆ ಹಳೆಯ ಮದುವೆ ಅಳಿಸಿ ಹೊಸ ಮದುವೆ ತುಂಬುವ ಪಾಪಕ್ಕೆ ಕೈ ಹಾಕುತ್ತೀ.

ಪೀಟರ್ ಕ್ರೋಗ್ ಎಂಬ ಅಮೆರಿಕದ ಫೋಟೊಗ್ರಾಫರ್ ಜನಪ್ರಿಯ ಮಾಡಿದ 3-2-1 ಎಂಬ ಸೂತ್ರವಿದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ನಮ್ಮ ಊರಿಗೆ ಅದನ್ನು ಹೀಗೆ ಇಳಿಸು. ಕೆಲಸ ನಡೆಯುತ್ತಿರುವ ಪ್ರತಿ ಕಂಪ್ಯೂಟರಿನ ಒಳಗಿನ ಎಸ್‌ಎಸ್‌ಡಿಯಲ್ಲಿ. ಎರಡನೆಯದು ಅಂಗಡಿಯಲ್ಲೇ ಇರುವ ದೊಡ್ಡ ಹಾರ್ಡ್ ಡಿಸ್ಕಿನಲ್ಲಿ. ಮೂರನೆಯದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ರಾತ್ರಿ ಅಂಗಡಿ ಮುಚ್ಚುವಾಗ ಅದನ್ನು ಕಿತ್ತು ಚೀಲಕ್ಕೆ ಹಾಕಿ ಸಿದ್ದಾಪುರದ ನಿಮ್ಮ ಮನೆಗೆ ಒಯ್ಯು. ನಿನ್ನ ಅಂಗಡಿ ಒಂದೂರು, ಮನೆ ಒಂದೂರು ಇರುವುದು ಈ ಕೆಲಸಕ್ಕೆ ದೊಡ್ಡ ಅನುಕೂಲ. ಅಂಗಡಿಗೆ ನೀರು ನುಗ್ಗಲಿ, ಬೆಂಕಿ ಬೀಳಲಿ, ಕಳ್ಳ ಬರಲಿ, ಗಿರಾಕಿಯ ಮದುವೆ ನಿಮ್ಮ ಮನೆಯ ಟ್ರಂಕಿನಲ್ಲಿ ಕ್ಷೇಮ.

ಒಂದೇ ಡಬ್ಬಿಯಲ್ಲಿ ಎರಡು ಡಿಸ್ಕ್ ಇಟ್ಟು ತಾನೇ ನಕಲು ಮಾಡುವ ವ್ಯವಸ್ಥೆ ಇದೆ, ಅದೇ ಸಾಕು ಅಂತ ಮಾರುವವರು ಹೇಳುತ್ತಾರೆ. ಡಿಸ್ಕ್ ಕೆಟ್ಟರೆ ಅದು ಉಳಿಸುತ್ತದೆ, ನಿಜ. ಆದರೆ ನೀನೇ ಕೈತಪ್ಪಿ ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ವೈರಸ್ ಹೊಕ್ಕರೆ ಎರಡಕ್ಕೂ ಹೊಗುತ್ತದೆ. ವೈರಿನಿಂದ ಬಿಡಿಸಿ ಇಟ್ಟ ಪ್ರತಿಯೊಂದೇ ನಿಜವಾದ ಬ್ಯಾಕಪ್. ವರ್ಷಗಟ್ಟಲೆ ಬೀರುವಿನಲ್ಲಿ ಇಡುವುದಕ್ಕೆ ಎಸ್‌ಎಸ್‌ಡಿಯನ್ನು ನೆಚ್ಚಬೇಡ. ಕರೆಂಟ್ ಕಾಣದೆ ಬಿಸಿಯಲ್ಲಿ ಬಿದ್ದರೆ ಅದರಲ್ಲಿ ಬರೆದದ್ದು ಮಾಸಬಹುದು. ಇಡುವುದಕ್ಕೆ ಸಾದಾ ಹಾರ್ಡ್ ಡಿಸ್ಕೇ ವಾಸಿ. ಅದನ್ನೂ ಮೂರು ನಾಲ್ಕು ತಿಂಗಳಿಗೊಮ್ಮೆ ಚುಚ್ಚಿ ಫೈಲ್ ತೆರೆದು ನೋಡು, ಐದು ವರ್ಷವಾದರೆ ಹೊಸದಕ್ಕೆ ವರ್ಗಾಯಿಸು. ಎರಡು ಕಡೆ ಕಾಪಿ ಆಗಿ, ನಾಲ್ಕು ಫೈಲ್ ಕಣ್ಣಾರೆ ತೆರೆದು ನೋಡುವ ತನಕ ಕ್ಯಾಮೆರಾದ ಕಾರ್ಡ್ ಫಾರ್ಮ್ಯಾಟ್ ಮಾಡಬೇಡ. ಯಾವ ಮದುವೆ ಯಾವ ಡಿಸ್ಕಿನಲ್ಲಿದೆ ಅಂತ ಒಂದು ರಿಜಿಸ್ಟರ್ ಬರೆ. ರಾ ಫೈಲ್ ಎಷ್ಟು ವರ್ಷ ಇಡುತ್ತೀ ಅಂತ ಬಿಲ್ಲಿನಲ್ಲೇ ಅಚ್ಚು ಹಾಕಿಸು. ಆರಿಸಿದ ಫೋಟೊಗಳನ್ನು ಮಾತ್ರ ಎಂದಿಗೂ ಅಳಿಸಬೇಡ.

ಇನ್ನು ಕಾಣುವುದು. ಡಾರ್ಕ್ ರೂಮಿನ ಕಾಲದಲ್ಲಿ ಎನ್‌ಲಾರ್ಜರ್ ಲೆನ್ಸಿಗೆ ದುಡ್ಡು ಉಳಿಸುವವನನ್ನು ದಡ್ಡ ಅನ್ನುತ್ತಿದ್ದೆವು. ಕ್ಯಾಮೆರಾ ಎಷ್ಟೇ ಚೆನ್ನಾಗಿ ನೋಡಿದ್ದರೂ ಅದೆಲ್ಲ ಕಾಗದಕ್ಕೆ ಇಳಿಯುವುದು ಆ ಒಂದು ಲೆನ್ಸಿನ ಮೂಲಕವೇ. ಈಗ ಆ ಜಾಗದಲ್ಲಿ ಮಾನಿಟರ್ ಕೂತಿದೆ. ಅದು ಸುಳ್ಳು ಹೇಳಿದರೆ ನೀನು ಮಾಡುವ ತಿದ್ದುಪಡಿಯೆಲ್ಲ ಸುಳ್ಳು. ಐಪಿಎಸ್ ಪ್ಯಾನೆಲ್, ಎಸ್‌ಆರ್‌ಜಿಬಿ ಬಣ್ಣ ನೂರಕ್ಕೆ ನೂರು, ಹೊಳಪಿಲ್ಲದ ಮ್ಯಾಟ್ ಪರದೆ, ಇಷ್ಟು ಕಡ್ಡಾಯ. ಗೇಮ್ ಆಡುವವರಿಗೆ ಬೇಕಾಗುವ 144 ಹರ್ಟ್ಸ್, 240 ಹರ್ಟ್ಸ್ ನಮಗೆ ಬೇಡ. 24 ಇಂಚಿನದಾದರೆ 1920×1080 ನಡೆಯುತ್ತದೆ, 27 ಇಂಚಿನದಾದರೆ 2560×1440 ಇರಲಿ.

ಎಲ್ಲರೂ ಒಂದೇ ದೂರು ಹೇಳುತ್ತಾರೆ: "ನನ್ನ ಪರದೆ ಮೇಲೆ ಚೆನ್ನಾಗಿತ್ತು, ಲ್ಯಾಬಿನಿಂದ ಆಲ್ಬಂ ಕಪ್ಪಾಗಿ ಬಂತು." ಬಹಳ ಸಲ ತಪ್ಪು ಲ್ಯಾಬಿನದಲ್ಲ. ಹೊಸ ಮಾನಿಟರ್ ಬರುವಾಗಲೇ ಕಣ್ಣು ಕುಕ್ಕುವ ಬೆಳಕಿನಲ್ಲಿರುತ್ತದೆ, 250, 300 ಕ್ಯಾಂಡೆಲಾ. ಆ ಬೆಳಕಿನಲ್ಲಿ ನೋಡಿ ಫೋಟೊ ಸರಿಯಿದೆ ಅಂತ ಬಿಟ್ಟರೆ ಕಾಗದದ ಮೇಲೆ ಅದು ಕಪ್ಪಾಗಿಯೇ ಬರುತ್ತದೆ. 100ರಿಂದ 120ಕ್ಕೆ ಇಳಿಸು, ಪರದೆಯ ಬಿಳುಪನ್ನು 6500 ಕೆಲ್ವಿನ್‌ಗೆ ಇಡು. ಇದನ್ನು ಅಳೆದು ಹೊಂದಿಸುವ ಕ್ಯಾಲಿಬ್ರೇಟರ್ ಎಂಬ ಸಣ್ಣ ಉಪಕರಣ ಬರುತ್ತದೆ. ಒಬ್ಬನೇ ಕೊಳ್ಳಲು ಭಾರವೆನಿಸಿದರೆ ಕಾರಟಗಿ, ಗಂಗಾವತಿ, ಸಿಂಧನೂರಿನ ನಾಲ್ಕು ಗೆಳೆಯರು ಸೇರಿ ಒಂದು ಕೊಂಡು ತಿಂಗಳಿಗೊಮ್ಮೆ ಕೈ ಬದಲಿಸಿಕೊಳ್ಳಿರಿ.

ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ನಿಮ್ಮವ್ವನ ಇಳಕಲ್ ಸೀರೆ ಒಂದನ್ನು ತಗೊಂಡು ಬಾ, ಟೋಪ ತೆನಿ ಸೆರಗಿನದು. ಬೆಳಗಿನ ಹತ್ತರ ನೆರಳಿನಲ್ಲಿ ಹಾಸಿ ಫೋಟೊ ತೆಗೆ. ಆ ಕೆಂಪು, ಅದರ ನಡುವಿನ ಬಿಳಿ ಹಲ್ಲುಗಳು, ಪಕ್ಕದಲ್ಲಿ ಒಂದು ಅರಿಶಿನದ ಕೊಂಬು. ಲ್ಯಾಬಿನಿಂದ ಒಂದು 8×12 ಪ್ರಿಂಟ್ ಹಾಕಿಸು. ಆಮೇಲೆ ಸೀರೆ, ಪ್ರಿಂಟು, ಮಾನಿಟರು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡು. ಅಗ್ಗದ ಪರದೆಯಲ್ಲಿ ಆ ಕೆಂಪು ಕಿತ್ತಳೆಗೆ ಜಾರುತ್ತದೆ, ಇಲ್ಲವೇ ನೇಯ್ಗೆಯ ಎಳೆ ಕಾಣದೆ ಬರೀ ಬಣ್ಣದ ಮುದ್ದೆಯಾಗುತ್ತದೆ. ಅರಿಶಿನ ಹಸಿರಿಗೆ ತಿರುಗುತ್ತದೆ. ಮದುಮಗಳ ತವರಿನವರು ಆಲ್ಬಂ ಬಿಡಿಸಿದಾಗ ಮೊದಲು ನೋಡುವುದು ಸೀರೆಯ ಬಣ್ಣ. ಅದನ್ನು ಅವರು ಕೈಯಲ್ಲಿ ಮುಟ್ಟಿ ಆರಿಸಿದ್ದಾರೆ, ಅವರಿಗೆ ಮೋಸ ಮಾಡಲು ಆಗುವುದಿಲ್ಲ.

ಓಡುವುದು ಮೂರನೆಯದು. ಇಲ್ಲಿಯೂ ಲೆಕ್ಕ ಹಾಕಿ ಕೊಳ್ಳು. ಆಲ್ಬಂ ಹಾಳೆ 12×36 ಇಂಚು, 300 ಡಿಪಿಐ ಅಂದರೆ 3600ಕ್ಕೆ 10800 ಚುಕ್ಕಿ. ಒಟ್ಟು 3 ಕೋಟಿ 88 ಲಕ್ಷ. ಒಂದು ಚುಕ್ಕಿಗೆ ಮೂರು ಬೈಟ್. ಒಂದು ಲೇಯರ್ ಹಾಳೆಯ ತುಂಬ ಇದ್ದರೆ 117 ಎಂಬಿ, ಇಪ್ಪತ್ತು ಲೇಯರ್ ಹಾಕಿದರೆ 2.3 ಜಿಬಿ. ಹಾಗೆ ಮೂರು ನಾಲ್ಕು ಹಾಳೆ ತೆರೆದಿಟ್ಟು, ಹಿಂದೆ ಹೆಜ್ಜೆ ಹಾಕುವ ಅನ್‌ಡೂ ನೆನಪನ್ನೂ ಫೋಟೊಶಾಪ್ ಇಟ್ಟುಕೊಂಡಾಗ 16 ಜಿಬಿ ರ‍್ಯಾಮ್ ಉಸಿರು ಕಟ್ಟುತ್ತದೆ. ಜಾಗ ಸಾಲದೆ ಡಿಸ್ಕಿಗೆ ಬರೆದು ಓದುತ್ತಾ ಕೂರುತ್ತದೆ, ನೀನು ಪ್ರೊಸೆಸರ್ ಬೈಯುತ್ತೀ. 32 ಜಿಬಿ ಹಾಕಿಸು. 16ರ ಎರಡು ಕಡ್ಡಿ ಜೋಡಿಯಾಗಿ ಹಾಕಿದರೆ ಒಂದೇ ಕಡ್ಡಿಗಿಂತ ಚುರುಕು. ಮದರ್‌ಬೋರ್ಡಿನಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್, ಎರಡು ಎನ್‌ವಿಎಂಇ ಸ್ಲಾಟ್ ಇದ್ದರೆ ನಾಳೆ ಬೆಳೆಯಲು ಜಾಗವಿರುತ್ತದೆ.

ಹಾರ್ಡ್ ಡಿಸ್ಕ್ ಸೆಕೆಂಡಿಗೆ 150ರಿಂದ 200 ಎಂಬಿ ಓದುತ್ತದೆ, ಸಾಟಾ ಎಸ್‌ಎಸ್‌ಡಿ 500ರ ಮೇಲೆ, ಸಾಮಾನ್ಯ ಎನ್‌ವಿಎಂಇ 3000ದಿಂದ 7000ದವರೆಗೆ. ವಿಂಡೋಸ್ ಮತ್ತು ಸಾಫ್ಟ್‌ವೇರಿಗೆ ಒಂದು 500 ಜಿಬಿ, ನಡೆಯುತ್ತಿರುವ ಕೆಲಸಕ್ಕೆ 1 ಅಥವಾ 2 ಟಿಬಿಯ ಇನ್ನೊಂದು. 3500ರದು ಸಾಕು; 7000ದ್ದು ತಂದರೆ ಆಲ್ಬಂ ಅರ್ಧ ಹೊತ್ತಿಗೆ ಮುಗಿಯುವುದಿಲ್ಲ. ಎರಡು ಎಸ್‌ಎಸ್‌ಡಿಯಲ್ಲೂ ಐದರಲ್ಲೊಂದು ಪಾಲು ಸದಾ ಖಾಲಿ ಇಡು. ಎಲ್ಲರೂ ಮರೆಯುವ ಸಣ್ಣ ಸಾಮಾನು ಕಾರ್ಡ್ ರೀಡರ್. ಹಳೆಯ ಯುಎಸ್‌ಬಿ 2ರ ರೀಡರಿನಲ್ಲಿ ಸೆಕೆಂಡಿಗೆ 35 ಎಂಬಿ ಇಳಿದರೆ ಆ 90 ಜಿಬಿಗೆ ಮುಕ್ಕಾಲು ಗಂಟೆಯ ಹತ್ತಿರ ಬೇಕು. ಯುಎಸ್‌ಬಿ 3ರದು, ಒಳ್ಳೆಯ ಕಾರ್ಡು ಇದ್ದರೆ 17 ನಿಮಿಷ. ಮದುವೆ ಮುಗಿಸಿ ನಡುರಾತ್ರಿ ಬಂದವನಿಗೆ ಆ ಅರ್ಧ ಗಂಟೆ ಅಂದರೆ ನಿದ್ದೆ. ನಿದ್ದೆಗೆಟ್ಟು ಕಾಪಿ ಮಾಡುವಾಗಲೇ ಕಾರ್ಡ್ ಅದಲುಬದಲಾಗುವುದು.

ಪ್ರೊಸೆಸರಿಗೆ ಬಹಳ ತಲೆ ಕೆಡಿಸಿಕೊಳ್ಳಬೇಡ. ಈಚಿನ ಪೀಳಿಗೆಯ ಐ5, ಐ7 ಅಥವಾ ರೈಜನ್ 5, 7ರಲ್ಲಿ ಆರು ಎಂಟು ಕೋರ್ ಇದ್ದರೆ ಫೋಟೊ ಕೆಲಸಕ್ಕೆ ಧಾರಾಳ. ಫೋಟೊಶಾಪ್ ಕೋರುಗಳ ಎಣಿಕೆಗಿಂತ ಒಂದೊಂದು ಕೋರಿನ ಚುರುಕನ್ನು ನೆಚ್ಚುತ್ತದೆ. ಇಂಟೆಲ್ ಕೊಳ್ಳುವಾಗ ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ಅದಕ್ಕೆ ಮರುಳಾಗಬೇಡ. ಒಳಗಿನ ಗ್ರಾಫಿಕ್ಸ್ ವಿಡಿಯೊ ಬಿಡಿಸುವುದಕ್ಕೆ ನೆರವಾಗುತ್ತದೆ. ಸೀಸನ್ ನಡುವೆ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟರೆ ಆ ಒಳಗಿನದರ ಮೇಲೆಯೇ ಕೆಲಸ ಸಾಗಿಸಬಹುದು. ಕಾರ್ಡು ಬೇಕೇಬೇಕು ಅನ್ನುವುದು ವಿಡಿಯೊ ಹೆಚ್ಚಿದ್ದಾಗ, ಇಲ್ಲವೇ ಲೈಟ್‌ರೂಮಿನಲ್ಲಿ ಎಐ ಬಳಸಿ ನೂರಾರು ಫೋಟೊದ ಕಾಳು, ಅಂದರೆ ನಾಯ್ಸ್, ತೆಗೆಯುವಾಗ. ಅದಕ್ಕೆ 8 ಜಿಬಿ ಮೆಮೊರಿಯ ಮಧ್ಯಮ ದರ್ಜೆಯದು ಸಾಕು. ಬೇಕಾದರೆ ಮೊದಲ ಸೀಸನ್ ಮುಗಿಸಿ, ದುಡಿದ ದುಡ್ಡಿನಲ್ಲಿ ಹಾಕಿಸು.

ಜೋಡಿಸಿದ ಕಂಪ್ಯೂಟರೋ ಕಂಪನಿಯದೋ ಅಂತ ನೀನು ಕೇಳಿದ್ದೆ. ನಮ್ಮಂಥ ಊರಿಗೆ ಜೋಡಿಸಿದ್ದೇ ಲೇಸು. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಮ್ಯಾಕ್ ಮಿನಿಯೂ ಕೆಟ್ಟದ್ದಲ್ಲ, ಕರೆಂಟ್ ಬಹಳ ಕಡಿಮೆ ಎಳೆಯುತ್ತದೆ, ಯುಪಿಎಸ್ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಕೊಂಡ ಮೇಲೆ ರ‍್ಯಾಮ್ ಹೆಚ್ಚಿಸಲು ಬರುವುದಿಲ್ಲ, ಮದುವೆ ವಿಡಿಯೊಗೆ ನಮ್ಮವರು ಬಳಸುವ ಎಡಿಯಸ್ ಅದರಲ್ಲಿ ಓಡುವುದಿಲ್ಲ. ಹಳೆಯದು ಕೊಳ್ಳುವುದಾದರೆ ಇಂಟೆಲ್ 8ನೇ ಪೀಳಿಗೆಗಿಂತ ಹಿಂದಿನದು ಮುಟ್ಟಬೇಡ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 8ನೇ ಪೀಳಿಗೆಗೂ ಹಿಂದಿನ ಬಹುತೇಕ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗು, ದರ ವಿಚಾರಿಸು. ಈಗಂತೂ ಕಾರಟಗಿಗೇ ರೈಲು ಬಂದಿದೆ. ಆದರೆ ನೂರಾರು ಮೈಲಿ ದೂರದಲ್ಲಿ ಉಳಿಸಿದ ಎರಡು ಸಾವಿರ ರಿಪೇರಿಯ ಎರಡು ಓಡಾಟಕ್ಕೆ ಸಮ. ಸ್ವಲ್ಪ ಹೆಚ್ಚಾದರೂ ಗಂಗಾವತಿಯಲ್ಲೇ ಕೊಂಡರೆ ಕೆಟ್ಟಾಗ ಸಂಜೆಯೊಳಗೆ ಮುಗಿಯುತ್ತದೆ. ಎಲ್ಲಿಯೇ ಕೊಳ್ಳು, ಜಿಎಸ್‌ಟಿ ಬಿಲ್ ಬಿಡಬೇಡ. ಡಿಸ್ಕು, ರ‍್ಯಾಮುಗಳ ಸೀರಿಯಲ್ ನಂಬರ್ ಆ ಬಿಲ್ಲಿನ ಮೇಲೇ ಬರೆಸು.

ಇನ್ನೊಂದು ಮಾತು, ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಆಲ್ಬಂ ಮಾಡುವ ಕಂಪ್ಯೂಟರಿನ ಮೇಲೆ ಕೌಂಟರ್ ಕೆಲಸ ಮಾಡಬೇಡ. ಪಾಸ್‌ಪೋರ್ಟ್ ಫೋಟೊ, ಆಧಾರ್ ಪ್ರಿಂಟು, ಪರೀಕ್ಷೆ ಅರ್ಜಿ, ವಾಟ್ಸಾಪಿನಿಂದ ಬಂದ ಚಿತ್ರ, ಗಿರಾಕಿ ಜೇಬಿನಿಂದ ತೆಗೆಯುವ ಪೆನ್‌ಡ್ರೈವ್, ಇವೆಲ್ಲಕ್ಕೂ ಒಂದು ಹಳೆಯ ಮಷಿನ್ ಬೇರೆ ಇಡು. ದಿನದ ಚಿಲ್ಲರೆ ಬರುವುದು ಅದರಿಂದಲೇ, ವೈರಸ್ ಬರುವುದೂ ಅದರಿಂದಲೇ. ಹಾಗೆಯೇ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಸಬೇಡ. ಆಂಟಿವೈರಸ್ ಬಂದ್ ಮಾಡು ಅಂತ ಹೇಳಿಯೇ ಅದು ಒಳಗೆ ಬರುತ್ತದೆ. ಬಾಗಿಲು ತೆಗೆದಿಟ್ಟು ಕಳ್ಳನನ್ನು ಕರೆದಂತೆ. ಫೈಲುಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸುಗಳು ಇಂಥ ದಾರಿಯಿಂದಲೇ ನುಗ್ಗುತ್ತವೆ. ನಿನ್ನ ಫೋಟೊ ಕದ್ದರೆ ನಿನಗೆ ಹೇಗಾಗುತ್ತದೋ, ಬೇರೆಯವರ ದುಡಿಮೆಯನ್ನೂ ಹಾಗೇ ನೋಡು.

ನೂರು ರೂಪಾಯಿ ಇದ್ದರೆ ಹೇಗೆ ಹಂಚಲಿ ಅಂತ ಕೇಳುತ್ತೀ. ಯುಪಿಎಸ್, ಅರ್ಥಿಂಗಿಗೆ 10. ಬ್ಯಾಕಪ್ ಡಿಸ್ಕುಗಳಿಗೆ 15. ಮಾನಿಟರ್, ಬಣ್ಣ ಹೊಂದಿಸುವುದಕ್ಕೆ 20. ರ‍್ಯಾಮ್, ಎಸ್‌ಎಸ್‌ಡಿಗೆ 20. ಪ್ರೊಸೆಸರ್, ಬೋರ್ಡ್, ಒಳ್ಳೆಯ ಎಸ್‌ಎಂಪಿಎಸ್, ಸಾದಾ ಕ್ಯಾಬಿನೆಟ್ಟಿಗೆ 25. ಉಳಿದ 10 ಗ್ರಾಫಿಕ್ಸ್ ಕಾರ್ಡಿಗೆ ಎತ್ತಿಡು. ಹಾಸಿಗೆ ಇದ್ದಷ್ಟು ಕಾಲು ಚಾಚು. ಸಾಲ ಮಾಡಿ ದೊಡ್ಡ ಯಂತ್ರ ತಂದವನು ಕಂತು ತೀರಿಸಲು ಒಂದೇ ಮುಹೂರ್ತಕ್ಕೆ ಮೂರು ಮದುವೆ ಒಪ್ಪಿಕೊಳ್ಳುತ್ತಾನೆ, ಒಂದಕ್ಕೂ ನ್ಯಾಯ ಮಾಡಲಾರ.

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ನಮ್ಮ ಸೀಮೆಯ ಗಾದೆ. ನಿನಗೆ ಆ ಕಣ್ಣು ಇದೆ, ಅದು ನನಗೆ ಗೊತ್ತು. ಆ ಕಣ್ಣು ಕಂಡದ್ದನ್ನು ಉಳಿಸುವ ಕೈಯೂ ನಿನಗೆ ಬರಲಿ ಅಂತ ನನ್ನ ಆಸೆ.

ಅಂಗಡಿ ಪೂಜೆಯ ಹಿಂದಿನ ದಿನ ಒಂದು ಕೆಲಸ ಮಾಡು. ನಿಮ್ಮವ್ವನನ್ನು ಸ್ಟೂಲಿನ ಮೇಲೆ ಕೂಡಿಸಿ ಒಂದು ಫೋಟೊ ತೆಗೆ. ನಾನು ಹೇಳಿದಂತೆ ಮೂರು ಪ್ರತಿ ಮಾಡು. ಆಮೇಲೆ ಕಂಪ್ಯೂಟರ್ ಬಂದ್ ಮಾಡಿ, ಅಂಗಡಿಯ ಎರಡು ಡಿಸ್ಕೂ ಸತ್ತವು ಅಂತ ತಿಳಿ. ಸಿದ್ದಾಪುರದ ಮನೆಯ ಟ್ರಂಕಿನಿಂದ ಹೊರಗಿನ ಡಿಸ್ಕ್ ತಂದು ಬೇರೆ ಯಂತ್ರಕ್ಕೆ ಚುಚ್ಚಿ, ಆ ಫೋಟೊ ಹುಡುಕಿ, ಪ್ರಿಂಟ್ ತೆಗೆದು ಆಕೆಯ ಕೈಗೆ ಕೊಡು. ಡಿಸ್ಕ್ ಚುಚ್ಚಿದ ಮೇಲೆ ಎಷ್ಟು ಹೊತ್ತು ಹಿಡಿಯಿತು ಅಂತ ರಿಜಿಸ್ಟರಿನ ಮೊದಲ ಸಾಲಿನಲ್ಲಿ ಬರೆದಿಡು. ಹತ್ತು ನಿಮಿಷದೊಳಗೆ ಆದರೆ ಬೋರ್ಡ್ ಏರಿಸು, ಕಾಯಿ ಒಡೆಯಲು ನಾನು ಬರುತ್ತೇನೆ. ಆಗದಿದ್ದರೆ ಪೂಜೆ ಒಂದು ವಾರ ಮುಂದೆ ಹಾಕು. ಮುಹೂರ್ತ ಇನ್ನೊಂದು ಸಿಗುತ್ತದೆ. ಆ ಹಳದಿ ಪಟಗಾದ ಮುಖ ನನಗೆ ಮತ್ತೆ ಸಿಗಲಿಲ್ಲ.